ಅಟ್ಯಾಕ್ ಮೊದಲು, ಥ್ರೆಶೋಲ್ಡ್ ಕೊನೆಗೆ

ಜೋರು ಸದ್ದನ್ನು ತಾನಾಗಿ ಕುಗ್ಗಿಸುವ ಕಂಪ್ರೆಸರ್‌ನ ನಾಬ್‌ಗಳನ್ನು ನಾನು ಹಿಂದುಮುಂದಾದ ಕ್ರಮದಲ್ಲಿ ತಿರುಗಿಸುತ್ತೇನೆ ಎಂದಾಗ "ಕಿವಿ ಕೆಡಿಸಿಕೊಳ್ಳುತ್ತೀರಿ" ಎಂದವರೇ ಹೆಚ್ಚು. ಕಳೆದ ತಿಂಗಳು ಮುಗಿಸಿದ ಮಿಕ್ಸ್‌ನಲ್ಲಿ ಗಾಯಕರ ಧ್ವನಿ ಕದಲದೆ ಕೂತಿದೆ. ಈಗ ಅವರೇ ಸೆಟ್ಟಿಂಗ್ ಕೇಳುತ್ತಿದ್ದಾರೆ.

ಸುಮಾರು ನಾಲ್ಕು ವರ್ಷ ನಾನೂ ಥ್ರೆಶೋಲ್ಡ್‌ನಿಂದಲೇ, ಅಂದರೆ ಯಾವ ಮಟ್ಟ ದಾಟಿದ ಸದ್ದನ್ನು ಕುಗ್ಗಿಸಬೇಕು ಎಂಬುದರಿಂದಲೇ, ಆರಂಭಿಸುತ್ತಿದ್ದೆ. ಮೀಟರ್ 3 ಡೆಸಿಬಲ್ ಇಳಿಯುವವರೆಗೆ ಎಳೆದು, ಕುಗ್ಗಿದ ಸದ್ದನ್ನು ಮತ್ತೆ ಎತ್ತುವ ಮೇಕಪ್ ಗೇನ್ ಏರಿಸಿ, ಚೆನ್ನಾಯಿತು ಎಂದುಕೊಳ್ಳುತ್ತಿದ್ದೆ. ನಿಜವಾಗಿ ಸದ್ದು ಹೆಚ್ಚಾಗಿತ್ತು, ಅಷ್ಟೇ. ದೋಷ ಪ್ಲಗಿನ್‌ನದೆಂದು (ಕಂಪ್ಯೂಟರಿನಲ್ಲಿ ಓಡುವ ಕಂಪ್ರೆಸರ್ ತಂತ್ರಾಂಶ) ನಂಬಿ ಒಂದಾದ ಮೇಲೊಂದು ಐದು ಕೊಂಡೆ. ಎರಡು ಮೂರು ಮಿಕ್ಸ್‌ಗಳ ಸಂಭಾವನೆ ಅದರಲ್ಲೇ ಕರಗಿತು. ಅವುಗಳಲ್ಲಿ 1176 ಎಂಬ ಹೆಸರಾಂತ ಹಳೆಯ ಕಂಪ್ರೆಸರ್‌ನ ಮಾದರಿಯದೂ ಒಂದು. ಅದರ ಅಟ್ಯಾಕ್ ನಾಬ್ (ಸದ್ದು ಜೋರಾದ ಮೇಲೆ ಎಷ್ಟು ಬೇಗ ಕುಗ್ಗಿಸಬೇಕೆಂಬುದು) ಬಲಕ್ಕೆ ಹೋದಷ್ಟೂ ವೇಗ ಹೆಚ್ಚು. ಅತಿ ನಿಧಾನದ ತುದಿಯೂ ಒಂದು ಮಿಲಿಸೆಕೆಂಡ್ ಮುಟ್ಟುವುದಿಲ್ಲ. ಇದು ತಿಳಿಯದೆ, ನಿಧಾನ ಮಾಡಿದೆನೆಂದುಕೊಂಡು ಪೂರ್ತಿ ಬಲಕ್ಕೆ ತಿರುಗಿಸಿ, ಒಂದು ಆಲ್ಬಮ್‌ನ ಸ್ನೇರ್ ಡ್ರಮ್‌ಗಳ ಏಟನ್ನೆಲ್ಲ ಕೊಂದಿದ್ದೆ. ಆ ಕೆಲಸ ಬೇರೆಯವರ ಕೈಗೆ ಹೋಯಿತು. ಬಾಕಿ ಹಣ ಬರಲೇ ಇಲ್ಲ.

ಈಗಿನ ಕ್ರಮ ಹೀಗಿದೆ. ಆಟೊ ಮೇಕಪ್ ಬಂದ್. ರೇಷಿಯೊ (ಥ್ರೆಶೋಲ್ಡ್ ದಾಟಿದ ಸದ್ದು ಎಷ್ಟು ಪಟ್ಟು ಕುಗ್ಗಬೇಕೆಂಬುದು) 20:1, ರಿಲೀಸ್ (ಕುಗ್ಗಿಸುವುದನ್ನು ಎಷ್ಟು ಬೇಗ ಬಿಡಬೇಕೆಂಬುದು) ಅತಿ ವೇಗ, ಥ್ರೆಶೋಲ್ಡ್ 15–20 ಡೆಸಿಬಲ್ ಕುಗ್ಗುವಷ್ಟು ಕೆಳಗೆ. ಕೇಳಲಾಗದಷ್ಟು ಕೆಟ್ಟದಾಗಿರುತ್ತದೆ, ಇರಲಿ. ಅಟ್ಯಾಕ್‌ನ ಗುಣ ಬಯಲಾಗುವುದು ಆಗಲೇ. 1 ಮಿಲಿಸೆಕೆಂಡ್‌ನಲ್ಲಿ ತಕಾರ, ಕಕಾರಗಳ ಅಂಚೇ ಮಾಯ. 10–15ರ ಹೊತ್ತಿಗೆ ವ್ಯಂಜನ ಮುಂದೆ ಚಿಮ್ಮಿ, ಸ್ವರ ಹಿಂದೆ ಬರುತ್ತದೆ, ಅಲ್ಲಿ ನಿಲ್ಲಿಸುತ್ತೇನೆ. ಬಳಿಕ ರಿಲೀಸ್: ಮುಂದಿನ ಪದ ಬರುವಷ್ಟರಲ್ಲಿ ಮೀಟರ್‌ನ ಮುಳ್ಳು ಸೊನ್ನೆಗೆ ಮರಳಬೇಕು. ಆಮೇಲೆ ರೇಷಿಯೊವನ್ನು 3:1ರ ಆಸುಪಾಸಿಗೆ ಇಳಿಸಿ, ಕಟ್ಟಕಡೆಗೆ ಥ್ರೆಶೋಲ್ಡ್ ಮೇಲೆತ್ತುತ್ತೇನೆ. ಬೈಪಾಸ್ ಒತ್ತಿ ಕಂಪ್ರೆಸರ್ ತಪ್ಪಿಸಿದರೂ ಸದ್ದಿನ ಮಟ್ಟ ಬದಲಾಗದಂತೆ ಗೇನ್ ಸರಿಹೊಂದಿಸಿದ ಮೇಲೆಯೇ ತೀರ್ಪು.

ಇದೇ ಹುರುಪಿನಲ್ಲಿ ಬೇಸ್ ಗಿಟಾರಿಗೂ 10 ಮಿಲಿಸೆಕೆಂಡ್ ರಿಲೀಸ್ ಕೊಟ್ಟು ನೋಡಿದೆ. ಕರಕರ ಸದ್ದು! ಎರಡು ದಿನ ಕೇಬಲ್ ಬದಲಿಸುತ್ತಾ ಕಳೆದೆ. 60 ಹರ್ಟ್ಜ್‌ನ ಒಂದು ಅಲೆಗೇ ಹದಿನಾರು ಹದಿನೇಳು ಮಿಲಿಸೆಕೆಂಡ್ ಬೇಕು. ಕಂಪ್ರೆಸರ್ ಪ್ರತಿ ಅಲೆಯನ್ನೂ ಹಿಂಬಾಲಿಸಿ ಅದರ ಆಕಾರವನ್ನೇ ತಿರುಚುತ್ತಿತ್ತು. ರಿಲೀಸನ್ನು 80 ಮಿಲಿಸೆಕೆಂಡ್ ದಾಟಿಸಿದೆ, ಶುದ್ಧವಾಯಿತು. ಆ ಕರಕರವನ್ನು ಮುಂದೊಂದು ಹಾಡಿಗೆ ಬೇಕೆಂದೇ ಬಳಸಿದೆ, ಚೆನ್ನಾಗಿಯೇ ಬಂತು.

ಧ್ವನಿಗೆ ನಾನು ಹಾಕುವುದು ಎರಡು ಕಂಪ್ರೆಸರ್. ಮೊದಲನೆಯದರ ಸೈಡ್‌ಚೈನ್‌ನಲ್ಲಿ (ಎಷ್ಟು ಕುಗ್ಗಿಸಬೇಕೆಂದು ತಿಳಿಯಲು ಕಂಪ್ರೆಸರ್ ಆಲಿಸುವ ದಾರಿ) 100 ಹರ್ಟ್ಜ್‌ಗಿಂತ ಕೆಳಗಿನದನ್ನು ಕತ್ತರಿಸುತ್ತೇನೆ. ಎರಡನೆಯದರಲ್ಲಿ ಏನು ಮಾಡುತ್ತೇನೆಂಬುದನ್ನು ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ನನಗೆ ಕೆಲಸ ತರುತ್ತಿರುವುದು ಅದು.