ಸುಟ್ಟು ಬೂದಿ ಮಾಡಬೇಡಿ, ಇದ್ದಿಲು ಮಾಡಿ

ಮೆಕ್ಕೆಜೋಳದ ದಿಂಡು, ತೊಗರಿ ಕಟ್ಟಿಗೆಯನ್ನು ಸುಮ್ನೆ ಸುಡಬೇಡಿ. ಮೇಲೆ ಅಗಲ, ತಳ ಕಿರಿದಾದ ಗುಂಡಿ ತೋಡಿ. ಚೆನ್ನಾಗಿ ಒಣಗಿದ್ದನ್ನೇ ಹಾಕಿ, ಹಸಿ ಇದ್ದರೆ ಹೊಗೆ ಜಾಸ್ತಿ. ಬೆಂಕಿ ಹಚ್ಚಿ, ಮೇಲಿನ ಪದರ ಬಿಳಿಚುತ್ತಿದ್ದಂತೆ ಇನ್ನೊಂದು ಪದರ ಹಾಕುತ್ತಾ ಹೋಗಿ. ಉರಿ ಇಳಿದ ಕೂಡಲೇ ನೀರು ಸುರಿದು ಪೂರ್ತಿ ಆರಿಸಿ. ಇದೇ ಬಯೋಚಾರ್, ಅಂದರೆ ಮಣ್ಣಿಗೆ ಹಾಕುವ ಇದ್ದಿಲು.

ನೇರವಾಗಿ ಹೊಲಕ್ಕೆ ಹಾಕಿದರೆ ಸಾರಜನಕವನ್ನು ಅದೇ ಹಿಡಿದಿಟ್ಟುಕೊಳ್ಳುತ್ತದೆ, ಬೆಳೆ ಹಳದಿಯಾಗಬಹುದು. ಪುಡಿ ಮಾಡಿ, ಕೊಟ್ಟಿಗೆ ಗೊಬ್ಬರದ ಜೊತೆ ಎರಡು ವಾರ ಒದ್ದೆಯಾಗಿಡಿ.

ಯೂರಿಯಾ ಬಿದ್ದ ಒದ್ದೆ ಮಣ್ಣಿನಿಂದ ನೈಟ್ರಸ್ ಆಕ್ಸೈಡ್ ಹೊರಡುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಇದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 273 ಪಟ್ಟು ಬಿಸಿ ಹೆಚ್ಚಿಸುವ ಅನಿಲ! ಬಯೋಚಾರ್ ಅದನ್ನು ತಗ್ಗಿಸಬಲ್ಲದು. ಜೊತೆಗೆ ಯೂರಿಯಾವನ್ನೂ ಹಿತಮಿತವಾಗಿ ಹಾಕಬೇಕು ಅಲ್ವಾ?

ಮಲೆನಾಡಿನ ಹುಳಿ ಮಣ್ಣಿಗೆ ಬಯೋಚಾರ್ ಒಳ್ಳೆಯದು. ಎರೆಭೂಮಿಯವರು ಮಾತ್ರ ದಯವಿಟ್ಟು ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ಕ್ಷಾರ ಇನ್ನೂ ಏರಬಹುದು.