ಪೆಟ್ರೋಲ್ ಬಂಕಿನ ಕೆಳಗ ನೀರು ಕೆಟ್ಟೈತೇನು ಅಂತ ನೋಡೂದು ಹೆಂಗ

ಬಂಕಿನ ಬಾಜೂ ಮನಿ ಬೋರ್ ನೀರು ಪೆಟ್ರೋಲ್ ವಾಸನಿ ಹೊಡೀತೈತಿ ಅಂದ್ರ ಎಲ್ಲಾರೂ ಮೊದಲು ಬೋರ್ ಲಾರಿಗೆ ಫೋನ್ ಮಾಡ್ತಾರ, ಅದನ್ನ ಮಾಡಬ್ಯಾಡ್ರಿ. ಮೊದಲು ಆ ನೀರು ಕುಡಿಯೂದು, ಅಡಗಿ ಮಾಡೂದು ಬಂದ್ ಮಾಡಸ್ರಿ. ಹಳೇ ತೆರೆದ ಬಾವಿ ಇದ್ರ ಯಾರನ್ನೂ ಒಳಗ ಇಳಸಬ್ಯಾಡ್ರಿ, ಪೆಟ್ರೋಲ್ ಆವಿ ಗಾಳಿಗಿಂತ ಭಾರ, ತಳದಾಗ ಕುಂತಿರ್ತೈತಿ, ಮ್ಯಾಲೆ ನಿಂತವ ಬೀಡಿ ಹಚ್ಚಿದ್ರಂತೂ ಮುಗೀತು.

ಆಮ್ಯಾಲ ಬಂಕಿನ ಆಫೀಸಿನಾಗ ಕುಂತು ಸ್ಟಾಕ್ ರಿಜಿಸ್ಟರ್ ತಗೀರಿ. ದಿನಾ ಡಿಪ್ ರಾಡ್ (ಟ್ಯಾಂಕಿನ ಮಟ್ಟ ಅಳಿಯೂ ಕೋಲು) ಹಾಕಿ ಬರಕೊಂಡದ್ದು ಎಷ್ಟು, ಮಾರಿದ್ದು ಎಷ್ಟು, ತಾಳೆ ಹಾಕಿ ನೋಡ್ರಿ. ಬಿಸಲಿಗೆ ಪೆಟ್ರೋಲ್ ಹಿಗ್ತೈತಿ, ಥಂಡಿಗೆ ಕುಗ್ತೈತಿ, ಹಂಗಾಗಿ ಒಂದಿನ ಹೆಚ್ಚು ಒಂದಿನ ಕಡಿಮಿ ಬರೂದು ಸಹಜ, ಆದ್ರ ವಾರಗಟ್ಟಲೆ ಬರೀ ಕಡಿಮೀನ ಬರಾಕತ್ತಿದ್ರ ಎಲ್ಲೋ ಸೋರಾಕತ್ತೈತಿ ಅಂತ ತಿಳೀರಿ. ಟ್ಯಾಂಕಿಗಿಂತ ಪೈಪಿನ ಜಾಯಿಂಟ್ ಮ್ಯಾಲ ನನಗ ಮೊದಲ ಸಂಶಯ. ಹಳೇ ಹುಡುಗರನ್ನ ಚಾ ಕುಡಿಸಿ ಕೇಳ್ರಿ, ಮೊದಲಿನ ಟ್ಯಾಂಕ್ ಎಲ್ಲಿತ್ತು, ತಗದಾರೋ ಅಲ್ಲೇ ಮಣ್ಣ ಮುಚ್ಚ್ಯಾರೋ ಅಂತ. ಇದು ಯಾವ ನಕಾಶೆದಾಗೂ ಸಿಗಂಗಿಲ್ಲ.

ಈಗ ನೆಲ. ಧಾರವಾಡದ ಕಡೆ ಮ್ಯಾಲ ಕೆಂಪು ಮಣ್ಣು, ಜಂಬಿಟ್ಟಿಗೆ ಕಲ್ಲು. ಹುಬ್ಬಳ್ಳಿ ದಾಟಿ ಅಣ್ಣಿಗೇರಿ, ಗದಗ ಕಡೆ ಹೋದ್ರ ಎರಿ. ಎರಿ ಮಣ್ಣು ಹಸೀ ಇದ್ದಾಗ ನೀರು ಬಿಡಂಗಿಲ್ಲ, ಹಂಗಂತ ಬಂಕಿನವ್ರು ಧೈರ್ಯಾ ಹೇಳ್ತಾರ, ಆದ್ರ ಬ್ಯಾಸಗ್ಯಾಗ ಕೈ ಹೋಗೋವಷ್ಟು ಬಿರಕು ಬಿಡ್ತೈತಿ, ಸೋರಿದ ಪೆಟ್ರೋಲ್ ಆ ಬಿರಕಿನಾಗ ಸೀದಾ ಕೆಳಗಿನ ಗರಸಿಗೆ ಇಳೀತೈತಿ. ಮತ್ತ ಅದೇ ಎರಿ ಹಿಗ್ಗಿ ಕುಗ್ಗಿ ಪೈಪಿನ ಜಾಯಿಂಟೂ ಜಗ್ತೈತಿ. ಗರಸಿನ ಕೆಳಗ ನಮ್ಮ ಕಡೆ ಭಾಳ ಜಾಗಾದಾಗ ಶಿಸ್ಟ್, ಪದರಗಲ್ಲು. ಈ ಪದರ ಬುಟ್ಟ್ಯಾಗ ಒಂದರ ಮ್ಯಾಲೊಂದು ಒಟ್ಟಿದ ಕಟಕ ರೊಟ್ಟಿಯಂಗ ಇಲ್ಲ, ರೊಟ್ಟಿ ಎತ್ತಿ ನಿಲ್ಲಿಸಿದಂಗ ಅದಾವ, ಅದೂ ಸುಮಾರು ಉತ್ತರ-ವಾಯವ್ಯದಿಂದ ದಕ್ಷಿಣ-ಆಗ್ನೇಯಕ್ಕ ಸಾಲು ಹಿಡದು. ನೀರು ಆ ಪದರದ ಸಂದಿ ಹಿಡದು ಹರೀಬಹುದು, ಮ್ಯಾಲಿನ ಇಳಿಜಾರು ಕೇಳಬೇಕಂತೇನಿಲ್ಲ.

ಇದನ್ನ ನಾ ಕಲ್ತದ್ದು ಪೆಟ್ಟು ತಿಂದು. ಗದಗ ರೋಡಿನಾಗ ಒಂದು ಕಡೆ ಹಳ್ಳದ ಕಡೆ ಇಳಿಜಾರೈತಿ ಅಂತ ಎರಡು ವೆಲ್ (ನೀರು ಪರೀಕ್ಷೆ ಮಾಡಾಕ ಹಾಕೂ ಸಣ್ಣ ಬೋರ್) ಅಲ್ಲೇ ಹಾಕಿಸಿದೆ, ಎರಡರಾಗೂ ಏನಿಲ್ಲ. ಮೂರನೇದು ಪದರದ ಸಾಲಿಗೆ, ಬಾಜೂದವರ ಹಿತ್ತಲದಾಗ ಹಾಕಿದ್ರ ಬೇಲರ್ (ವೆಲ್ಲಿಂದ ನೀರು ಎತ್ತೂ ಉದ್ದನ್ನ ಕೊಳವಿ) ಮ್ಯಾಲ ಬಂತು ನೋಡ್ರಿ, ತಳಕ್ಕ ನೀರು, ನೀರಿನ ಮ್ಯಾಲ ಎರಡು ಬೊಟ್ಟು ಕೆಂಪನ್ನ ಪೆಟ್ರೋಲ್. ಆ ಮನಿ ಅಜ್ಜಿ ಅದನ್ನ ನೋಡಿ ಕೊಡ ಕೆಳಗಿಟ್ಟು ಸುಮ್ನ ಒಳಗ ಹೋದ್ರು.

ಅದಕ್ಕ ಕಡಿಮಿ ಅಂದ್ರೂ ಮೂರು ವೆಲ್ ಬೇಕು, ಒಂದೇ ಸಾಲಿನಾಗ ಅಲ್ಲ, ತ್ರಿಕೋನ ಆಗೋ ಹಂಗ. ಮೂರರ ನೀರಿನ ಮಟ್ಟ ಒಂದೇ ಗುರುತಿನಿಂದ ಅಳದ್ರ ನೀರು ಯಾವ ಕಡೆ ಜಗ್ಗಾಕತ್ತೈತಿ ಅಂತ ಗೊತ್ತಾಗ್ತೈತಿ. ಪೆಟ್ರೋಲ್ ತೇಲಾಕತ್ತಿದ್ರ ಅದು ನೀರನ್ನ ಕೆಳಗ ಒತ್ತಿರ್ತೈತಿ, ಅದರ ದಪ್ಪದ ಮುಕ್ಕಾಲು ಪಾಲು ನೀರಿನ ಮಟ್ಟದ ಎತ್ತರಕ್ಕ ಕೂಡಸ್ರಿ, ಇಲ್ಲಾಂದ್ರ ದಿಕ್ಕ ತಪ್ಪತೈತಿ. ವೆಲ್ ಒಳಗಿನ ದಪ್ಪಾನೇ ನೆಲದಾಗೂ ಐತಿ ಅನಕೋಬ್ಯಾಡ್ರಿ, ನೆಲದಾಗ ಕಡಿಮಿ ಇರ್ತೈತಿ.

ಮೊದಲ ನಾಲ್ಕೈದು ಅಡಿ ಕೈಲೇ ತೋಡ್ರಿ, ಕೆಳಗ ಪೈಪು, ಕೇಬಲ್ ಇರ್ತಾವ. ಮಣ್ಣಿನ ಸ್ಯಾಂಪಲ್ ಕೈ ಆಗರ್‌ಲೇ (ಕೈಲೇ ತಿರುವೂ ಮಣ್ಣಿನ ಬೈರಿಗಿ) ತಗೀರಿ, ದೊಡ್ಡ ರಿಗ್ಗಿನ ಗಾಳಿ ಹೊಡದ್ರ ವಾಸನಿಯೆಲ್ಲಾ ಹಾರಿಹೋಗ್ತೈತಿ. ಮೀಟರಿಗೊಂದು ಮುಷ್ಟಿ ಮಣ್ಣು ಜಿಪ್ ಚೀಲಕ್ಕ ಹಾಕಿ, ಹತ್ತು ನಿಮಿಷ ಬಿಟ್ಟು ಪಿಐಡಿ ಮೀಟರ್ (ಪೆಟ್ರೋಲಿನಂಥ ಆವಿ ಅಳಿಯೂ ಯಂತ್ರ) ತೂರಿಸಿ ನೋಡ್ರಿ, ಎಷ್ಟು ಆಳದಾಗ ಜೋರೈತಿ ಅಂತ ತಿಳೀತೈತಿ. ಸಂದಿ ತೂತು ಹಾಕಿದ ಪಿವಿಸಿ ಪೈಪು ನೀರಿನ ಮಟ್ಟಕ್ಕಿಂತ ಮ್ಯಾಲೂ ಕೆಳಗೂ ಬರಬೇಕು, ಮಳಿಗಾಲ, ಬ್ಯಾಸಗಿ ಎರಡೂ ಲೆಕ್ಕಾ ಹಿಡದು. ತೂತು ಪೂರಾ ನೀರಿನ ಕೆಳಗಿದ್ರ ಪೆಟ್ರೋಲ್ ಹೊರಗ ತೇಲ್ತೈತಿ, ಒಳಗ ನೀರು ತಿಳಿ, ಸ್ವಚ್ಛ ಐತಿ ಅಂತ ರಿಪೋರ್ಟ್ ಬರ್ತೈತಿ. ಪೈಪಿಗೆ ಸಲ್ಯೂಶನ್ ಹಚ್ಚಬ್ಯಾಡ್ರಿ, ಅದರ ಕೆಮಿಕಲ್ ಸ್ಯಾಂಪಲ್ಲಿಗೆ ಬರ್ತೈತಿ, ಸ್ಕ್ರೂನಂಗ ತಿರುವಿ ಕೂಡಸೂ ಆಟೆ ಇರೋ ಪೈಪು ತರ್ರಿ. ಮ್ಯಾಲ ಬೆಂಟೊನೈಟ್ (ನೀರು ಕುಡದು ಹಿಗ್ಗೂ ಜೇಡಿಮಣ್ಣು) ಹಾಕಿ ಮುಚ್ಚರಿ, ಮಳಿ ನೀರು ಇಳೀಬಾರದು.

ನೀರಿನ ಸ್ಯಾಂಪಲ್ಲಿಗೆ ಪ್ಲಾಸ್ಟಿಕ್ ಬಾಟ್ಲಿ ಬ್ಯಾಡ. ವೆಲ್ಲಿನಾಗಿನ ನೀರಿನ ಮೂರು ಪಟ್ಟು ಹೊರಗ ಹಾಕಿ, 40 ಎಂಎಲ್ ಗಾಜಿನ ವಯಲ್ ಅಂಚಿನ ಮಟಾ ತುಂಬಿ ಮುಚ್ಚಿ, ಬೋರಲು ಹಾಕಿ ನೋಡ್ರಿ, ಒಂದು ಗುಳ್ಳಿ ಕಂಡ್ರೂ ಮತ್ತ ತುಂಬ್ರಿ. ಆಸಿಡ್ ಹಾಕಿದ ವಯಲ್ ಐಸಿನಾಗ ಇಟ್ಟು, 14 ದಿನದೊಳಗ ಪರೀಕ್ಷೆ ಮುಗಿಯೋ ಹಂಗ ಲ್ಯಾಬಿಗೆ ಮುಟ್ಟಸ್ರಿ. ಲ್ಯಾಬಿನವ್ರಿಗೆ ಬೆಂಜೀನ್, ಟಾಲ್ವೀನ್, ಜೈಲೀನ್ ನೋಡ್ರಿ ಅಂತ ಬಾಯಿ ಬಿಟ್ಟು ಹೇಳ್ರಿ, ಇಲ್ಲಾಂದ್ರ ಗಡಸುತನ, ಫ್ಲೋರೈಡ್ ಬರದು ಕುಡಿಯಾಕ ಯೋಗ್ಯ ಅಂತ ಕೊಡ್ತಾರ. ವಿಶ್ವ ಆರೋಗ್ಯ ಸಂಸ್ಥೆ ಬೆಂಜೀನಿಗೆ ಹಾಕಿದ ಮಿತಿ ಲೀಟರಿಗೆ 0.01 ಮಿಲಿಗ್ರಾಂ, ಅಂದ್ರ ಒಂದ ಗ್ರಾಂ ಬೆಂಜೀನ್ ಸಾಕು, ಒಂದು ಲಕ್ಷ ಲೀಟರ್ ನೀರು ಆ ಮಿತಿಗೆ ಮುಟ್ಟತೈತಿ.

ಮಳಿಗಾಲದಾಗ ಒಂದು ಸಲ ನೋಡಿ ಬಿಡಬ್ಯಾಡ್ರಿ. ನೀರು ಏರಿದಾಗ ಪೆಟ್ರೋಲ್ ಮಣ್ಣಿನ ಸಂದ್ಯಾಗ ಸಿಕ್ಕೊಂಡು ಮಾಯ ಆದಂಗ ಕಾಣ್ತೈತಿ, ಬ್ಯಾಸಗ್ಯಾಗ ನೀರು ಇಳಿದ ಮ್ಯಾಲ ಮತ್ತ ವೆಲ್ಲಿಗೆ ಬರ್ತೈತಿ. ಮೇ ತಿಂಗಳದಾಗ ಇನ್ನೊಮ್ಮೆ ಬೇಲರ್ ಇಳಸ್ರಿ.