ಐಸ್ ಬಿಟ್ಟೆ, ಬಚ್ಚಲುಮನೆಯಲ್ಲೇ ಫಿಲ್ಮ್ ತೊಳೆದೆ

ದ್ರಾವಣ 20 ಡಿಗ್ರಿ ಸೆಲ್ಸಿಯಸ್ ಇಲ್ಲದೆ ಕ್ಯಾಮೆರಾದ ಕಪ್ಪು-ಬಿಳುಪು ಫಿಲ್ಮ್ ತೊಳೆಯೋಕೆ ಆಗಲ್ಲ ಅಂತ ನನಗೆ ಹೇಳದವರೇ ಇಲ್ಲ. ನಮ್ಮ ಬಚ್ಚಲ ನೀರು 26ಕ್ಕಿಂತ ಕೆಳಗೆ ಇಳಿಯುವುದೇ ಅಪರೂಪ. ಈಗ ಮೂವತ್ತೋ ಮೂವತ್ತೈದೋ ರೋಲ್ ಆಗಿವೆ, ಕೊನೆಯ ಇಪ್ಪತ್ತರಲ್ಲಿ ಒಂದೂ ಕೆಟ್ಟಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಾನೂ ಎಲ್ಲರಂತೆ ಐಸ್ ಹಿಂದೆ ಬಿದ್ದೆ. ಫಿಲ್ಮಿನಲ್ಲಿ ಚಿತ್ರ ಮೂಡಿಸುವ ದ್ರಾವಣ, ಅಂದರೆ ಡೆವಲಪರ್, ಅದರ ಬಾಟಲಿಯನ್ನು ಐಸ್ ನೀರಲ್ಲಿಟ್ಟು ಸರಿಯಾಗಿ 20ಕ್ಕೆ ತಂದು ಫಿಲ್ಮ್ ಇದ್ದ ಟ್ಯಾಂಕಿಗೆ ಸುರಿದೆ. ಕೈಯ ಬಿಸಿ, ಕೋಣೆಯ ಬಿಸಿ ಸೇರಿ ಹನ್ನೊಂದು ನಿಮಿಷ ಮುಗಿಯುವಷ್ಟರಲ್ಲಿ ಅದು 24 ಮುಟ್ಟಿತ್ತು. ಹೈಲೈಟ್, ಅಂದರೆ ಚಿತ್ರದ ಬೆಳಕಿನ ಭಾಗ, ಎಲ್ಲ ಕಲ್ಲಿನಂತೆ ಗಟ್ಟಿ. ನಾಲ್ಕು ರೋಲ್ ಹೀಗೇ ಹೋದವು. ಆಮೇಲೆ ತಾಪಮಾನ ಕಾಯುವ ಒಂದು ಯಂತ್ರ ಕೊಂಡೆ. ಅದು ನೀರನ್ನು ಬಿಸಿ ಮಾಡುತ್ತದೆಯೇ ಹೊರತು ತಣ್ಣಗೆ ಮಾಡುವುದಿಲ್ಲ! ಕೊಳ್ಳುವ ಮೊದಲು ಓದಬೇಕಿತ್ತು, ಅಲ್ವಾ? ಅರ್ಧ ಬೆಲೆಗೆ ಮಾರಿದೆ.

ಕೊನೆಗೆ ಸೋತು, ಎಲ್ಲವನ್ನೂ ಕೋಣೆಯ ಬಿಸಿಗೇ ಬಿಟ್ಟೆ. ಡೆವಲಪರ್, ಮೂಡಿದ ಚಿತ್ರ ಉಳಿಯುವಂತೆ ಮಾಡುವ ಫಿಕ್ಸರ್, ತೊಳೆಯುವ ನೀರು ಎಲ್ಲ ಹಿಂದಿನ ರಾತ್ರಿಯೇ ಒಂದೇ ದೊಡ್ಡ ಟಬ್ಬಿನಲ್ಲಿ. ಬೆಳಿಗ್ಗೆ ಎಲ್ಲ 26ರಲ್ಲಿ ನಿಂತಿರುತ್ತವೆ, ಟ್ಯಾಂಕಿನಲ್ಲೂ ಏರುವುದಿಲ್ಲ. ಎಚ್‌ಪಿ5 ಪ್ಲಸ್ ಫಿಲ್ಮಿಗೆ ಡಿ-76 ಡೆವಲಪರನ್ನು ಅಷ್ಟೇ ನೀರಿನೊಂದಿಗೆ ಬೆರೆಸಿದರೆ 20ರಲ್ಲಿ 11 ನಿಮಿಷ, 26ರಲ್ಲಿ ನನಗೆ ಏಳಕ್ಕಿಂತ ಸ್ವಲ್ಪ ಕಡಿಮೆ. ಐದು ನಿಮಿಷಕ್ಕಿಂತ ಕೆಳಗೆ ಹೋದರೆ ಫಿಲ್ಮಿನಲ್ಲಿ ಪಟ್ಟೆ ಬರುವ ಭಯ, ಹಾಗಾಗಿ ಇನ್ನೂ ಬೇಗ ಕೆಲಸ ಮಾಡುವ, ನೀರು ಬೆರೆಸದ ಡಿ-76 ಮುಟ್ಟುವುದೇ ಇಲ್ಲ. ರೋಲಿಗೆ ಡಿ-76 150 ಮಿಲಿ ಸಾಕು, ಉಳಿದದ್ದು ನೀರು, ಬಳಸಿ ಚೆಲ್ಲುವುದು. ಟ್ಯಾಂಕ್ ಅಲುಗಾಡಿಸುವ ಲೆಕ್ಕ ಮಾತ್ರ ಹೇಳಲ್ಲ. ಅದಕ್ಕೆ ಆ ನಾಲ್ಕು ರೋಲ್ ಬೆಲೆ ತೆತ್ತಿದ್ದೇನೆ.

ಫಿಕ್ಸರ್ ಜೀವಂತ ಇದೆಯೋ ಇಲ್ಲವೋ ಅಂತ ಪ್ರತಿ ಸಲ ಫಿಲ್ಮ್ ತುದಿಯ ತುಂಡೊಂದನ್ನು ಹಾಕಿ ನೋಡುತ್ತೇನೆ. ಅದು ಪಾರದರ್ಶಕ ಆಗಲು ಹಿಡಿದ ಸಮಯದ ಎರಡರಷ್ಟು ಹೊತ್ತು ರೋಲನ್ನು ಫಿಕ್ಸರಿನಲ್ಲಿ ಇಡುವುದು. ಕೊನೆಗೆ ನೀರಲ್ಲಿ ತೊಳೆಯುವುದಕ್ಕೆ ನಲ್ಲಿ ಬಿಡುವುದಿಲ್ಲ: ಟ್ಯಾಂಕ್ ತುಂಬಿ 5 ಸಲ ತಿರುಗಿಸಿ ಚೆಲ್ಲು, ಮತ್ತೆ 10, ಮತ್ತೆ 20.

ನಡುವೆ ಒಂದು ಹುಚ್ಚು ಪ್ರಯೋಗವೂ ಆಯಿತು. ಇನ್‌ಸ್ಟಂಟ್ ಕಾಫಿ ಪುಡಿ, ವಾಷಿಂಗ್ ಸೋಡಾ, ವಿಟಮಿನ್ ಸಿ ಸೇರಿಸಿ ಡೆವಲಪರ್ ಮಾಡಿದೆ. ಚಿತ್ರ ಬಂತು, ಕಂದು ಬಣ್ಣದ ಕಲೆಯೊಂದಿಗೆ. ವಾಸನೆ ಮಾತ್ರ ಎರಡು ದಿನ ಬಚ್ಚಲು ಬಿಟ್ಟು ಹೋಗಲಿಲ್ಲ, ಮನೆಯವರಿಂದ ಮಂಗಳಾರತಿ.

ಪ್ರಿಂಟ್ ಕೆಲಸಕ್ಕೆ ಕಮೋಡ್ ಮೇಲೆ ಹಲಗೆ, ಅದರ ಮೇಲೆ ಫಿಲ್ಮಿನ ಚಿತ್ರವನ್ನು ಪೇಪರಿನ ಮೇಲೆ ದೊಡ್ಡದಾಗಿ ಬೀಳಿಸುವ ಹಳೆಯ ಎನ್‌ಲಾರ್ಜರ್. ಅದನ್ನು ಕೊಂಡ ದುಡ್ಡಿಗಿಂತ ಹಾಳುಮಾಡಿದ ಪೇಪರಿನ ದುಡ್ಡೇ ಜಾಸ್ತಿ. ಕಾರಣ, ಪೇಪರ್ ಕೆಡದೆ ಕೆಲಸ ಕಾಣಲಿ ಅಂತ ಹಾಕಿದ ಕೆಂಪು ಎಲ್‌ಇಡಿ ಬಲ್ಬು. ಆ ಬೆಳಕಲ್ಲಿ ಪೇಪರಿನ ಮೇಲೆ ನಾಣ್ಯ ಇಟ್ಟು, ಅದರ ಗುರುತು ಬೀಳುತ್ತದೆಯೇ ಅಂತ ಪರೀಕ್ಷೆ ಮಾಡಿದ್ದೆ, ಪಾಸಾಗಿತ್ತು. ಆದರೂ ಪ್ರಿಂಟಿನ ಬಿಳಿ ಬೂದಿಬೂದಿ. ಪೇಪರಿಗೆ ಎನ್‌ಲಾರ್ಜರ್‌ನಿಂದ ಸ್ವಲ್ಪವೇ ಬೆಳಕು ಕೊಟ್ಟು, ತೆಳು ಬೂದು ಬರುವಂತೆ ಮಾಡಿ, ಆಮೇಲೆ ನಾಣ್ಯ ಇಟ್ಟಾಗ ನಿಜ ಬಯಲಾಯಿತು. ಏಳು ನಿಮಿಷಕ್ಕೆ ನಾಣ್ಯದ ಗುರುತು ಹುಣ್ಣಿಮೆ ಚಂದ್ರನಂತೆ ಎದ್ದು ಬಂತು. ಬಲ್ಬನ್ನು ಗೋಡೆಯ ಕಡೆ ತಿರುಗಿಸಿ ದೂರ ಇಟ್ಟೆ, ಈಗ ಏನೂ ಕಾಣಲ್ಲ. ಬಾಗಿಲ ಸಂದಿಯೂ ಹಾಗೇ, ಕತ್ತಲಲ್ಲಿ ಹತ್ತು ನಿಮಿಷ ಸುಮ್ನೆ ಕೂತ ಮೇಲೇ ಬೆಳಕಿನ ಎಳೆ ಕಂಡದ್ದು. ಹಳೆಯ ಕಂಬಳಿ ಅದಕ್ಕೆ ಸಾಕಾಯಿತು.

ಮುಂದೆ 120 ಅನ್ನುವ ಅಗಲವಾದ ಫಿಲ್ಮ್ ಮಾಡಬೇಕು. ಒಂದು ರೋಲಿಗೆ ಅರ್ಧ ಲೀಟರ್ ದ್ರಾವಣ ಬೇಕು, ಈ ಟಬ್ಬಿನಲ್ಲಿ ಅಷ್ಟು ಬಾಟಲಿ ಹಿಡಿಯುವುದಿಲ್ಲ.